ಅಪ್ಪನ ಕಣ್ಣಿಗೆ ಇನ್ನೂ ಚುಕ್ಕಿ ಕಾಣ್ತಿತ್ತು

ನ್ಯೂಜೆರ್ಸಿಯಲ್ಲಿ ಮೇ ತಿಂಗಳು ಬಂತು ಅಂದ್ರೆ ಕಾರಿನ ಮೇಲೆ ಓಕ್ ಮರದ ಹಳದಿ ಪುಡಿ, ಅರಿಶಿನ ಎರಚಿದ ಹಾಗೆ. ನಮ್ಮ ಹಿತ್ತಲಿನ ಈಜುಕೊಳದ ಹೊದಿಕೆ ತೆಗೆಯುವುದೂ ಆಗಲೇ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಮೊದಲೇ ತೆಗೆದರೆ ಪಾಚಿ ಕಮ್ಮಿ. ಇದು ಗೊತ್ತಿದ್ದೂ ಪ್ರತಿ ವರ್ಷ ಎರಡು ವಾರ ತಡ ಮಾಡುತ್ತೇನೆ. ಈ ಕೊಳ ನಾವು ಆಸೆಪಟ್ಟು ಕಟ್ಟಿಸಿದ್ದಲ್ಲ, ಮನೆ ಜೊತೆಗೇ ಬಂದಿದ್ದು.

ಈ ಸಲ ಅಪ್ಪ ಇದ್ದ. ತೀರ್ಥಹಳ್ಳಿ ಹತ್ತಿರದ ತೋಟ ಬಿಟ್ಟು ಬಂದು ಮೂರು ವಾರವಾಗಿತ್ತು, ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದ. ಹೊದಿಕೆ ಮೇಲೆ ನಿಂತಿದ್ದ ಮಳೆನೀರನ್ನು ಸಣ್ಣ ಪಂಪ್ ಇಟ್ಟು ತೆಗೆದೆವು. ಕೊಳೆತ ಎಲೆ ಬಾಚಿದೆವು. ಎರಡು ಕಪ್ಪೆಗಳನ್ನು ಅಪ್ಪನೇ ಹಿಡಿದು ಬೇಲಿಯಾಚೆ ಬಿಟ್ಟ. ಹೊದಿಕೆ ಮಡಚಿದ ಮೇಲೆ ಒಳಗೆ ನೋಡಿ, "ಇದೆಂತದೇ ಮಾರಾಯ್ತಿ, ನಮ್ಮ ಕೆರೆಯೇ ವಾಸಿ" ಅಂದ. ನೀರು ಪಾಲಕ್ ಸಾರಿನ ಬಣ್ಣಕ್ಕಿತ್ತು.

ಪೈಪುಗಳ ಬಿರಡೆ ಬಿಚ್ಚಿ, ಪಂಪ್ ಶುರು ಮಾಡಿ, ಮರಳಿನ ಫಿಲ್ಟರ್ ಒಮ್ಮೆ ತೊಳೆದೆ. ಆಮೇಲೆ ಶಾಕ್. ಅಂದರೆ ಒಂದೇ ಸಲಕ್ಕೆ ಜಾಸ್ತಿ ಕ್ಲೋರಿನ್ ಹಾಕಿ ಪಾಚಿ ಸಾಯಿಸುವುದು. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಆ ಪುಡಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಅಪ್ಪ ಮೂಸಿ ನೋಡಿದ್ದೇ ತಡ, "ಬ್ಲೀಚಿಂಗ್ ಪೌಡರ್!" ಅಂದ. ಹೆಚ್ಚು ಕಮ್ಮಿ ಅದೇ ಜಾತಿ, ಇದರ ಖಾರ ಮಾತ್ರ ಎರಡರಷ್ಟು.

ನಮ್ಮೂರಲ್ಲಿ ಬೇಸಿಗೆ ಕೊನೆಗೆ ಬಾವಿಯ ಹೂಳು ತೆಗೆಸಿ ಅಪ್ಪ ಪುಡಿ ಹಾಕುತ್ತಿದ್ದ. ನೇರವಾಗಿ ಎಸೆಯುತ್ತಿರಲಿಲ್ಲ. ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿಯುತ್ತಿದ್ದ. ಆಮೇಲೆ ಕೊಡ ಇಳಿಬಿಟ್ಟು ಹಗ್ಗವನ್ನು ಮೇಲೆ ಕೆಳಗೆ ಜಗ್ಗಿ ಕದಡುವುದು. ನಾನು ಮೊದಲ ವರ್ಷ ಪುಡಿಯನ್ನು ಮುಷ್ಟಿ ಮುಷ್ಟಿ ಎಸೆದಿದ್ದೆ. ಅದು ತಳಕ್ಕೆ ಹೋಗಿ ಕೂತು ಕೊಳದ ಒಳಗೆ ಹಾಸಿದ ನೀಲಿ ವಿನೈಲ್ ಹಾಳೆಯನ್ನು ತಿಂದಿತ್ತು, ತೊನ್ನಿನಂಥ ಬಿಳಿ ಕಲೆಗಳು ಈಗಲೂ ಇವೆ. ಈ ಸಲ ಬಾವಿಯ ಲೆಕ್ಕದಲ್ಲೇ ಅಪ್ಪ ಬಕೆಟ್‌ನಲ್ಲಿ ಕಲಸಿದ. ಎಲ್ಲ ಸರಿ, ಆದರೆ ಪುಡಿ ತೆಗೆಯಲು ಕ್ಲೋರಿನ್ ಮಾತ್ರೆ ಡಬ್ಬದ ಮಗ್ಗಿಗೆ ಕೈ ಹಾಕಿದ. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಆ ಮಾತ್ರೆಯ ಚೂರೂ ಈ ಪುಡಿಯೂ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಅಪ್ಪ ಸಂಜೆವರೆಗೂ ಮುಖ ಊದಿಸಿಕೊಂಡಿದ್ದ.

ಮೂರು ದಿನ, ಎಂಟು ಚೀಲ. ನೀರು ಹಸಿರೇ. ಅಂಗಡಿಯವನು ಇನ್ನೂ ಒಂದು ಬಾಟಲಿ ಪಾಚಿನಾಶಕ ಕೊಟ್ಟು ಕಳಿಸಿದ. ಅವನ ಹತ್ತಿರ ಎಲ್ಲ ಕಾಯಿಲೆಗೂ ಬಾಟಲಿಯೇ ಮದ್ದು. ಕೊನೆಗೆ ನನ್ನ ಟೆಸ್ಟ್ ಕಿಟ್ ಹುಡುಕಿ ತೆಗೆದೆ. ಪಿಎಚ್ 7.4, ಸರಿಯಾಗಿದೆ. ಕ್ಲೋರಿನ್ನೂ ಇದೆ. ಹಾಗಾದರೆ ಕಳ್ಳ ಸಯನ್ಯೂರಿಕ್ ಆಮ್ಲವೇ ಇರಬೇಕು.

ಇದು ಬಿಸಿಲಿಗೆ ಕ್ಲೋರಿನ್ ಹಾಳಾಗದ ಹಾಗೆ ಕೊಡೆ ಹಿಡಿಯುತ್ತದೆ, ಸ್ವಲ್ಪ ಬೇಕೇ ಬೇಕು. 30ರಿಂದ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು, ಇದ್ದರೆ ಸಾಕು. ಜಾಸ್ತಿಯಾದರೆ ಕ್ಲೋರಿನ್ ಕೊಡೆ ಕೆಳಗೇ ಕೂತುಬಿಡುತ್ತದೆ, ಪಾಚಿ ಕಡೆ ತಿರುಗಿಯೂ ನೋಡುವುದಿಲ್ಲ. ಬೇಸಿಗೆಯಿಡೀ ತೇಲಿಬಿಡುವ ಆ ಬಿಳಿ ಮಾತ್ರೆಗಳ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇರುತ್ತದೆ. ನೀರು ಆವಿಯಾದರೂ ಇದು ಹೋಗುವುದಿಲ್ಲ. ಐದು ವರ್ಷ ಸುಮ್ನೆ ಮಾತ್ರೆ ಹಾಕುತ್ತಾ ಬಂದಿದ್ದೆ.

ಪರೀಕ್ಷೆ ಮಜವಾಗಿದೆ. ಕೊಳದ ನೀರಿಗೆ ಔಷಧಿ ಬೆರೆಸಿದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕಿಯಿರುವ ಕೊಳವೆಗೆ ಅದನ್ನು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಮೇಲಿನಿಂದ ನೋಡುವಾಗ ಚುಕ್ಕಿ ಎಲ್ಲಿ ಮಾಯವಾಗುತ್ತದೋ ಅಲ್ಲಿನ ಗೆರೆಯೇ ಉತ್ತರ. ಬೇಗ ಮಾಯವಾದಷ್ಟೂ ಆಮ್ಲ ಜಾಸ್ತಿ. ನನಗೆ 100ರ ಗೆರೆಯಲ್ಲೇ ಚುಕ್ಕಿ ಹೋಯಿತು. ಕೊಳವೆಯನ್ನು ಅಪ್ಪನ ಕೈಗೆ ಕೊಟ್ಟೆ. ಹೋದ ವರ್ಷವಷ್ಟೇ ಪೊರೆ ಆಪರೇಷನ್ ಆಗಿದೆ, ಆ ಹೊಸ ಲೆನ್ಸಿನ ಗರ್ವ ಹೇಳತೀರದು. ಬಿಸಿಲಿಗೆ ಬೆನ್ನು ಹಾಕಿ, ಒಂದು ಕಣ್ಣು ಮುಚ್ಚಿ, "ಹಾಕು... ಇದೆ... ಇನ್ನೂ ಇದೆ... ಹಾಕು" ಅಂತ 80ಕ್ಕೆ ತಂದು ನಿಲ್ಲಿಸಿದ. ಜಗಳವಾಡಿ 90ಕ್ಕೆ ಒಪ್ಪಿಕೊಂಡೆವು.

90 ಅಂದರೆ ಅರ್ಧ ನೀರು ಚೆಲ್ಲಬೇಕು, ಬೇರೆ ದಾರಿ ಇಲ್ಲ. ನಮ್ಮ ಕೊಳ 20,000 ಗ್ಯಾಲನ್. ಅದರ ಅರ್ಧ ಸುಮಾರು 38,000 ಲೀಟರ್. ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವನು ಅರ್ಧ ನಿಮಿಷ ಮಾತಾಡಲಿಲ್ಲ. 2024ರ ಮಾರ್ಚ್‌ನಲ್ಲಿ ಅಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಜಲಮಂಡಳಿ ಆದೇಶ ಮಾಡಿತ್ತು, 5,000 ರೂಪಾಯಿ ದಂಡ. ಆಗ ಅವನ ಅಪಾರ್ಟ್‌ಮೆಂಟಿನವರು ಟ್ಯಾಂಕರ್‌ಗೆ ಕಾಯುತ್ತಿದ್ದರು. ನನಗೂ ಹೊಟ್ಟೆ ಚುರುಕ್ ಅಂತು. ಮಾತ್ರೆ ಬಿಟ್ಟು ಮೊದಲಿನಿಂದಲೂ ದ್ರವ ಕ್ಲೋರಿನ್ ಹಾಕಿದ್ದರೆ ಈ ಪಾಪ ಬರುತ್ತಿರಲಿಲ್ಲ.

ಕ್ಲೋರಿನ್ ಸೊನ್ನೆಗೆ ಇಳಿಯುವವರೆಗೆ ಕಾದು, ನೀರನ್ನು ಹುಲ್ಲಿಗೆ ಬಿಟ್ಟೆವು. ಹುರುಳಿಕಾಯಿ ಪಾತಿಗೆ ತಿರುಗಿಸೋಣ ಅಂತ ಅಪ್ಪ ಎರಡು ಸಲ ಪೈಪ್ ಎಳೆದ, ಎರಡು ಸಲವೂ ಬೈಸಿಕೊಂಡ. ಪೂರ್ತಿ ಖಾಲಿ ಮಾಡುವ ಹಾಗೂ ಇಲ್ಲ, ಖಾಲಿಯಾದರೆ ವಿನೈಲ್ ಹಾಳೆ ಕುಗ್ಗುತ್ತದೆ, ಅಡಿಯ ಅಂತರ್ಜಲ ಅದನ್ನು ಮೇಲೆ ಎತ್ತಿಬಿಡುತ್ತದೆ. ಹಾಗಾಗಿ ಸ್ವಲ್ಪ ತೆಗೆಯುವುದು, ಸ್ವಲ್ಪ ತುಂಬುವುದು.

ಕೊನೆಯ ಸಲ ತುಂಬುವಾಗ ರಾತ್ರಿಯಿಡೀ ನಲ್ಲಿ ಬಿಟ್ಟು ಮಲಗಿದೆ. ಎರಡು ಗಂಟೆಗೆ ಎಚ್ಚರವಾಗಿ ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ಟಾರ್ಚ್ ಬೆಳಕು. ತ್ರೀ ಫೇಸ್ ಕರೆಂಟ್ ಬಂದಾಗ ನಡುರಾತ್ರಿ ಎದ್ದು ತೋಟದ ಪಂಪ್ ಹಾಕಿ ರೂಢಿಯಾದ ಜೀವ. ಅಳಿಯನ ಚಳಿಗಾಲದ ಜಾಕೆಟ್ ಹಾಕಿಕೊಂಡು, ಮಂಡಿಯೂರಿ, ಕೊಳದ ಅಂಚಿಂದ ನೀರಿಗೆ ಗೇಣು ಹಾಕಿ ಅಳೆಯುತ್ತಿದ್ದ.

"ಅಪ್ಪಾ, ಒಳಗೆ ಬಾ" ಅಂದೆ.

"ಇನ್ನು ಒಂದೂವರೆ ಗೇಣು ಅಷ್ಟೇ. ನೀನು ಮಲಗು."