ತೂಬಿಗೆ ತುರುಕಿದ ಗೋಣಿಚೀಲ

ನಮ್ಮೂರ ಕೆರೆಯ ತೂಬು ಸೋರಲು ಹತ್ತಿ ಎರಡು ವರ್ಷವಾಯಿತು. ಸುರಪುರ ತಾಲೂಕಿನಲ್ಲಿ ಆ ಕೆರೆಯ ಕೆಳಗೆ ನಮ್ಮದು ಮೂರು ಎಕರೆ ನೆಲ್ಲಿನ ಗದ್ದೆ. ಮಾವನವರು ಇದ್ದಾಗ ಸಂಜೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದೇ ಊಟಕ್ಕೆ ಕೂಡುತ್ತಿದ್ದರು. ಈಗ ಆ ಸುತ್ತು ನನ್ನದು.

ತೂಬಿನ ಕಬ್ಬಿಣದ ಬಾಗಿಲಿಗೆ ತಳದಲ್ಲಿ ಒಂದು ರಬ್ಬರ್ ಪಟ್ಟಿ ಇರುತ್ತದೆ. ಬಾಗಿಲು ಇಳಿದಾಗ ಅದು ಕಲ್ಲಿಗೆ ಒತ್ತಿ ಕೂತರೆ ನೀರು ನಿಲ್ಲುತ್ತದೆ. ನಮ್ಮದು ಬಿಸಿಲಿಗೆ ಒಣಗಿ, ಸೀಳಿ, ಒಂದು ಮೂಲೆಯಲ್ಲಿ ಹರಿದೇ ಹೋಗಿದೆ. ಅಲ್ಲಿಂದ ಹಗಲೂ ರಾತ್ರಿ ಬೆರಳು ದಪ್ಪ ನೀರು ಹೋಗುತ್ತದೆ. ಗೋಣಿಚೀಲಕ್ಕೆ ಎರೆಮಣ್ಣು ತುಂಬಿ, ಬಿದಿರ ಗಳದಿಂದ ತುರುಕಿ ತಡೆಯುತ್ತೇವೆ. ಹದಿನೈದು ದಿನಕ್ಕೆ ಚೀಲ ಕೊಳೆತು ಮಣ್ಣು ಕರಗುತ್ತದೆ. ಮತ್ತೆ ಹೊಸ ಚೀಲ.

ಇದೇ ಕೆರೆಗೆ ನಾಲ್ಕು ವರ್ಷದ ಹಿಂದೆ ಸರ್ಕಾರದ ದುಡ್ಡಿನಲ್ಲಿ ದೊಡ್ಡ ಕೆಲಸವಾಗಿತ್ತು. ಹೂಳು ತೆಗೆದರು. ಆ ಮಣ್ಣನ್ನು ರೈತರು ಟ್ರ್ಯಾಕ್ಟರ್ ಹಚ್ಚಿ ಹೊಲಕ್ಕೆ ಹೊಡೆದುಕೊಂಡರು. ಆ ವರ್ಷ ನಮ್ಮ ಮೈದುನನ ತೊಗರಿ ಎದೆಮಟ್ಟ ಬೆಳೆದಿತ್ತು. ಏರಿಗೆ ಕಲ್ಲು ಹೊದಿಸಿದರು, ಹೊಸ ಬಾಗಿಲು ಕೂಡಿಸಿದರು. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ಖರ್ಚಿನ ಬೋರ್ಡು ಇಂದಿಗೂ ನಿಂತಿದೆ. ಬೇಶರಂ ಗಿಡ ಬೆಳೆದು ಅದನ್ನು ಅರ್ಧ ಮುಚ್ಚಿದೆ.

ರಬ್ಬರ್ ಪಟ್ಟಿಗಾಗಿ ಎರಡು ಕಚೇರಿ ತಿರುಗಿದೆ. ಕೆರೆಯ ನೀರುಣ್ಣುವ ಜಮೀನು, ಅಂದರೆ ಅಚ್ಚುಕಟ್ಟು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯಿತಿ ಕಡೆಗೆ, 40ರಿಂದ 2000 ಹೆಕ್ಟೇರಿನದು ಸಣ್ಣ ನೀರಾವರಿ ಇಲಾಖೆಗೆ. ನಮ್ಮದು ಯಾರದೆಂದು ತಿಳಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ಕಡೆಗೆ ಒಬ್ಬ ಇಂಜಿನಿಯರು ಕೂಡಿಸಿ ಚಹಾ ತರಿಸಿದರು.

“ಅಕ್ಕಾರ, ಕೆಲಸ ಮುಗದು ಫೈಲ್ ಬಂದ್ ಆಗ್ಯಾದ. ಹೊಸ ಯೋಜನಾ ಬಂದ್ರ ನಿಮ್ಮ ಕೆರಿ ಮತ್ತ ಹಾಕ್ತೀನಿ. ಬರೇ ರಬ್ಬರಿಗಂತ ರೊಕ್ಕ ಯಾವ ಹೆಡ್ಡಿನ್ಯಾಗ ತರ್ಲಿ?”

“ಯೋಜನಾ ಬರೋತನಕ ನೀರು ನಿಂದರ್ತಾವೇನ್ರಿ ಸಾಹೇಬ್ರ?” ಎಂದೆ. ಅವರು ಸುಮ್ಮನಾದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಲಕ್ಷ ಖರ್ಚು ಮಾಡಲು ದಾರಿ ಇದ್ದು, ಸಾವಿರಕ್ಕೆ ದಾರಿಯೇ ಇಲ್ಲದ ಆ ಲೆಕ್ಕದ ಮೇಲೆ ಸಿಟ್ಟು.

ಕೆರೆಗೆ ಬರುವ ದುಡ್ಡು ಬಹಳ ಮಟ್ಟಿಗೆ ಹೀಗೆಯೇ, ಒಮ್ಮೆ ಬಂದು ಹೋಗುವಂಥದ್ದು. ವಿಶ್ವಬ್ಯಾಂಕಿನ ಸಾಲದ ಕೆರೆ ಯೋಜನೆ 2002ರಲ್ಲಿ ಶುರುವಾಗಿ ಹತ್ತು ವರ್ಷಕ್ಕೆ ಮುಗಿಯಿತು. ಕೇಂದ್ರ ಸರ್ಕಾರದ 2022ರ ಅಮೃತ ಸರೋವರ ಯೋಜನೆ, ಜಿಲ್ಲೆಗೆ 75 ಕೆರೆ ಎಂದು ಗುರಿ ಇಟ್ಟಿತು. ಅದಕ್ಕೆ ತನ್ನದೇ ಗಂಟಿರಲಿಲ್ಲ, ಉದ್ಯೋಗ ಖಾತ್ರಿಯಂಥ ಯೋಜನೆಗಳ ದುಡ್ಡಿನಲ್ಲೇ ನಡೆಯಬೇಕಿತ್ತು. ಅಮೆರಿಕದ ಐದು ಮಹಾಸರೋವರಗಳಿಗೆ 2010ರಿಂದ ಪ್ರತಿ ವರ್ಷ ಬಜೆಟ್ಟಿನಲ್ಲಿ ಬೇರೆಯೇ ದುಡ್ಡು ಇಡುತ್ತಾರೆ, ಹೆಚ್ಚಿನ ವರ್ಷ 30 ಕೋಟಿ ಡಾಲರಿನ ಆಸುಪಾಸು. ಅಷ್ಟು ಮೊತ್ತ ನಾವು ಕೇಳುತ್ತಿಲ್ಲ. ಆ ‘ಪ್ರತಿ ವರ್ಷ’ ಅನ್ನುವುದನ್ನು ಕೇಳುತ್ತಿದ್ದೇವೆ.

ಅದು ಈ ನಾಡಿಗೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳಿವೆ: ಕೆರೆಗೆಂದೇ ಬಿಟ್ಟ ಭೂಮಿ, ಬೆಳೆಯ ಪಾಲು. ಸುಗ್ಗಿ ಬಂತೆಂದರೆ ಕೆರೆಯ ಪಾಲು ಕೆರೆಗೆ. ನಮ್ಮ ತಾಲೂಕಿನ ಬೋನಾಳ ಕೆರೆಯನ್ನೇ ನೋಡಿ. 17ನೇ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದ್ದು. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಮತ್ತೆ ದುರಸ್ತಿ ಮಾಡಿಸಿದರು. ಹಾಗೆ ಕೈ ಹಚ್ಚಿದ್ದಕ್ಕೇ ಇಂದೂ ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ, ಬೆಳಗಿನ ಆರಕ್ಕೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಾ ವರ್ಷ ಅನುದಾನ ಬರುತ್ತದೆ. 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದು 5000 ಕೋಟಿ ರೂಪಾಯಿ. ರಸ್ತೆ ಬೇಕು, ಶಾಲೆ ಬೇಕು, ದವಾಖಾನೆ ಬೇಕೇ ಬೇಕು. ಅದರೊಳಗೇ ಒಂದು ಸಣ್ಣ ಪಾಲನ್ನು ಕೆರೆಗಳ ದೇಖರೇಖಿಗೆಂದು ಕಾಯಂ ತೆಗೆದಿಡಲಿ. ರಬ್ಬರಿಗೆ, ಗ್ರೀಸಿಗೆ, ಬೇಶರಂ ಕೀಳುವ ಕೂಲಿಗೆ, ತೂಬು ನೋಡಿಕೊಳ್ಳುವವನ ಪಗಾರಕ್ಕೆ.

ಇಷ್ಟನ್ನು ಅರ್ಜಿ ಬರೆದಿದ್ದೇನೆ. 23 ಜನರ ಸಹಿಯಾಗಿದೆ, ಇನ್ನಿಬ್ಬರದು ಹೆಬ್ಬೆಟ್ಟು. ಗುರುವಾರ ಗ್ರಾಮಸಭೆ. ತೂಬಿನ ಬಾಯಲ್ಲಿ ಸಿಕ್ಕ ಆ ಹರಿದ ರಬ್ಬರಿನ ತುಂಡನ್ನು ತೊಳೆದು ಇಟ್ಟಿದ್ದೇನೆ, ಅರ್ಜಿಯ ಜೊತೆ ಅದನ್ನೂ ಒಯ್ಯುತ್ತೇನೆ.