ಕಾರಿನ ರೇಡಿಯೇಟರ್ ಫ್ಯಾನ್ ತಿರುಗ್ತಿಲ್ಲ ಅಂದ್ರೆ ಮೋಟ್ರೇ ಹೋಗಿರ್ಬೇಕು ಅಂತೇನಿಲ್ಲ

ಹೈವೇಲಿ ಹೋಗ್ತಿರೋವಾಗ ಏನೂ ಗೊತ್ತಾಗಲ್ಲ, ಇಂಜಿನ್ ನೀರು ತಣ್ಣಗೆ ಮಾಡೋ ರೇಡಿಯೇಟರ್‌ನ ಎದುರುಗಾಳಿನೇ ತಣ್ಣಗಿಟ್ಟಿರುತ್ತೆ, ಫ್ಯಾನ್ ಕೆಟ್ಟಿದ್ರೂ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತೆ. ಸಿಗ್ನಲ್ಲು, ಜಾಮು, ಏರು ಬಂದಾಗ್ಲೇ ಬಣ್ಣ ಬಯಲಾಗೋದು. ನಮ್ಗೆ ಬಯಲಾಗಿದ್ದು ದೇವರಾಯನದುರ್ಗ ಹತ್ತೋವಾಗ.

ಭಾನುವಾರ ತುಮಕೂರಿಂದ ಅಮ್ಮನ್ನ ಯೋಗಾನರಸಿಂಹ ಸ್ವಾಮಿ ದರ್ಶನಕ್ಕೆ ಕರ್ಕೊಂಡು ಹೊರಟಿದ್ವಿ, ಜೊತೇಲಿ ಭಾವ. ನಾಮದ ಚಿಲುಮೆವರೆಗೂ ಆರಾಮಾಗಿತ್ತು, ಆಮೇಲೆ ಏರು, ಸೆಕೆಂಡ್ ಗೇರು, ಏಸಿ ಆನು, ಮುಂದೆ ಒಂದು ಲೋಡ್ ಗಾಡಿ, ಮುಳ್ಳು ಮೇಲಕ್ಕೆ ಹೋಗ್ತಾನೇ ಇದೆ. ಕೆಂಪು ಗೆರೆ ಮುಟ್ಟೋಕೆ ಮುಂಚೆನೇ ಏಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಕಿಟಕಿ ಇಳಿಸಿದೆ. ಈ ಬಿಸಿಲಲ್ಲಿ ಹೀಟರ್ ಯಾಕೋ ಅಂತ ಅಮ್ಮ ಬೈದ್ರು, ಆದ್ರೆ ಹೀಟರ್ ಒಳಗಿರೋದೂ ಒಂದು ಪುಟ್ಟ ರೇಡಿಯೇಟರ್ರೇ, ಇಂಜಿನ್ ಶಾಖನ ಅಷ್ಟೋ ಇಷ್ಟೋ ಎಳ್ಕೊಳ್ಳುತ್ತೆ. ಜಾಗ ಸಿಕ್ಕಿದ್ ಕೂಡ್ಲೇ ಸೈಡಿಗೆ ಹಾಕಿ ಬಾನೆಟ್ ಎತ್ತಿದ್ರೆ ಅಷ್ಟು ಕಾದಿದ್ರೂ ಫ್ಯಾನ್ ಅಲ್ಲಾಡ್ತಿಲ್ಲ. ಇಂಜಿನ್ ಆಫ್ ಮಾಡ್ದೆ.

ಭಾವ ನೀರಿನ ಬಾಟ್ಲಿ ಹಿಡ್ಕೊಂಡು ಸೀದಾ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ರು. "ಭಾವ, ಮುಟ್ಬೇಡಿ ಮುಟ್ಬೇಡಿ" ಅಂತ ಕೈ ಹಿಡ್ಕೊಂಡೆ. ಒಳಗೆ ಪ್ರೆಶರ್ ಇರೋದ್ರಿಂದ 100 ಡಿಗ್ರಿ ದಾಟಿದ್ರೂ ನೀರು ಕುದಿದೇ ಇರುತ್ತೆ, ಮುಚ್ಚಳ ತಿರುಗಿಸಿದ್ರೆ ಪ್ರೆಶರ್ ಬಿಟ್ಟು ಎಲ್ಲಾ ಒಟ್ಟಿಗೆ ಮುಖಕ್ಕೇ ಚಿಮ್ಮುತ್ತೆ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲ್ದು. ಪೂರ್ತಿ ತಣ್ಣಗಾಗೋವರ್ಗೂ ಮರದ ನೆರಳಲ್ಲಿ ಕೂತಿದ್ದು, ಕೂಲೆಂಟ್ (ರೇಡಿಯೇಟರ್ ನೀರು) ಮಟ್ಟ ನೋಡಿ, ಗೇರಲ್ಲೇ ನಿಧಾನಕ್ಕೆ ವಾಪಸ್ ಇಳಿದ್ವಿ. ಅಮ್ಮ ಅಲ್ಲಿಂದ್ಲೇ ಬೆಟ್ಟಕ್ಕೆ ಕೈ ಮುಗಿದ್ರು.

ಮಾರನೇ ದಿನ ಮೊದ್ಲು ಹೋದ ಗ್ಯಾರೇಜಲ್ಲಿ ಬಾನೆಟ್ ಎತ್ತಿ ಒಂದ್ ನಿಮಿಷ ನೋಡಿ "ಮೋಟರ್ ಹೋಗಿದೆ, ಫ್ಯಾನ್ ಅಸೆಂಬ್ಲಿ ಪೂರ್ತಿ ಚೇಂಜ್ ಮಾಡ್ಬೇಕು" ಅಂದ್ರು. ಯಾವ ಟೆಸ್ಟೂ ಇಲ್ಲ, ಏನೂ ಇಲ್ಲ. ನಂಗೆ ಮನಸ್ಸು ಒಪ್ಪಲಿಲ್ಲ, ಅಂತರಸನಹಳ್ಳಿ ಕಡೆ ವೈರಿಂಗ್ ಕೆಲಸ ಮಾಡೋರೊಬ್ರು ಇದಾರೆ, ವಯಸ್ಸಾದೋರು, ಅವರತ್ರ ತಗೊಂಡೋದೆ.

ಅವ್ರು ಮೊದ್ಲು ಏಸಿ ಹಾಕ್ಸಿದ್ರು, ಏಸಿ ಹಾಕಿದ್ರೆ ಸಾಮಾನ್ಯವಾಗಿ ಫ್ಯಾನೂ ಓಡ್ಬೇಕು. ಓಡ್ಲಿಲ್ಲ. ಫ್ಯೂಸ್‌ನ ಕಣ್ಣಲ್ಲಿ ನೋಡಿ ಬಿಡ್ಲಿಲ್ಲ, ಎರಡೂ ಕಡೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದ್ರು, ಸರಿ ಇತ್ತು. ರಿಲೇ ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು, ನಮ್ ಗಾಡೀಲಿ ಹಾರ್ನ್ ರಿಲೇನೂ ಫ್ಯಾನ್ ರಿಲೇನೂ ಒಂದೇ ಥರದ್ದು, ಅದಲು ಬದಲು ಮಾಡಿದ್ರು, ಹಾರ್ನ್ ಹೊಡೀತು, ಅಂದ್ರೆ ಫ್ಯಾನ್ ರಿಲೇ ಜೀವಂತ. ಆಮೇಲೆ ಫ್ಯಾನ್ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ರು ನೋಡಿ, ಫ್ಯಾನ್ ಭರ್ ಅಂತ ಫುಲ್ ಸ್ಪೀಡಲ್ಲಿ ಓಡ್ತು! "ಮೋಟ್ರು ಚೆನ್ನಾಗೈತೆ ಸಾ, ಹೊಸಾದ್ಯಾಕೆ" ಅಂದ್ರು.

ಇನ್ನು ರಿಲೇಗೆ ಆರ್ಡರ್ ಬರ್ತಿದೆಯಾ ಅಂತ ನೋಡೋಕೆ ಟೆಂಪರೇಚರ್ ಸೆನ್ಸರ್ ಪ್ಲಗ್ ಕಿತ್ರು. ಸುಮಾರು ಗಾಡಿಗಳಲ್ಲಿ ಸೆನ್ಸರ್ ಸಿಗ್ನಲ್ ತಪ್ಪಿದ್ರೆ ಇಸಿಯು, ಅಂದ್ರೆ ಗಾಡಿಯ ಕಂಪ್ಯೂಟರ್ರು, ಇಂಜಿನ್ ಕಾಪಾಡೋಕೆ ಫ್ಯಾನ್ ಓಡಿಸುತ್ತೆ. ರಿಲೇ ಟಕ್ ಅಂತು. ಫ್ಯಾನ್ ಸಾಕೆಟ್‌ನಲ್ಲಿ ಮೀಟರ್ ಇಟ್ರೆ 12 ವೋಲ್ಟೂ ತೋರಿಸ್ತು. ಎಲ್ಲಾ ಸರಿ ಇದ್ದೂ ಫ್ಯಾನ್ ಯಾಕೆ ಓಡಲ್ಲ ಅಂತ ನಾನು ತಲೆ ಕೆರ್ಕೊಂಡೆ. ಅವ್ರು ಮೀಟರ್ ಪಕ್ಕಕ್ಕಿಟ್ಟು ಒಂದು ಹಳೇ ಹೆಡ್‌ಲೈಟ್ ಬಲ್ಬ್‌ನ ಅದೇ ಸಾಕೆಟ್‌ಗೆ ಕೊಟ್ರು, ಮಿಣುಕು ಮಿಣುಕು. ಬಲ್ಬಿನ ನೆಗೆಟಿವ್ ವೈರ್‌ನ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿದ್ರು, ಝಗ್ ಅಂತ ಉರೀತು. ಅರ್ತಿಂಗೇ, ಅಂದ್ರೆ ಫ್ಯಾನ್‌ನ ನೆಗೆಟಿವ್ ಸಂಪರ್ಕನೇ ಹೋಗಿತ್ತು! ಮೀಟರ್ ಎಳ್ಕೊಳ್ಳೋ ಕರೆಂಟು ಏನೇನೂ ಅಲ್ಲ, ಅದಕ್ಕೆ ಕೆಟ್ಟ ಅರ್ತಿಂಗಲ್ಲೂ 12 ವೋಲ್ಟ್ ಅನ್ನುತ್ತೆ, 55 ವ್ಯಾಟ್ ಬಲ್ಬ್ ನಾಲ್ಕೈದು ಆಂಪ್ ಕೇಳುತ್ತೆ, ಅಲ್ಲಿ ಸತ್ಯ ಹೊರಗೆ ಬರುತ್ತೆ. ಫ್ಯಾನ್‌ಗಂತೂ ಅದಕ್ಕಿಂತ ಜಾಸ್ತಿ ಬೇಕು.

ಹೆಡ್‌ಲೈಟ್ ಹಿಂದೆ ಅರ್ತಿಂಗ್ ವೈರ್‌ನ ಗಾಡಿಯ ಬಾಡಿ ಮೇಲೆ ಬಿಗಿದಿರೋ ಬೋಲ್ಟ್ ಬಿಚ್ಚಿದ್ರೆ ವೈರಿನ ತುದಿ ಪೂರಾ ಹಸಿರು ಕಿಲುಬು. ಎಮರಿ ಪೇಪರ್ ಹಾಕಿ ಉಜ್ಜಿ, ವೈರ್ ತುದಿಗೆ ಹೊಸ ಲಗ್ (ಬೋಲ್ಟ್‌ಗೆ ಸಿಗಿಸೋ ಲೋಹದ ತುದಿ) ಹಾಕಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದ್ರು. ಸೆನ್ಸರ್ ಪ್ಲಗ್ ವಾಪಸ್ ಹಾಕಿ, ಏಸಿ ಆಫಲ್ಲಿಟ್ಟು ಐಡ್ಲಿಂಗ್ ಬಿಟ್ವಿ, ಮುಳ್ಳು ಮಧ್ಯಕ್ಕಿಂತ ಚೂರು ಮೇಲೆ ಬಂದಾಗ ಫ್ಯಾನ್ ತಾನಾಗೇ ಆನ್ ಆಯ್ತು, ಮುಳ್ಳು ಇಳಿದ ಮೇಲೆ ಆಫ್ ಆಯ್ತು, ಮತ್ತೆ ಆನ್ ಆಗೋವರ್ಗೂ ಅವ್ರು ಗಾಡಿ ಬಿಡ್ಲಿಲ್ಲ. ಕೆಲಸ ಅಂದ್ರೆ ಇದು.

ಮನೇಲೇ ನೋಡೋರಿಗೆ ಒಂದು ಮಾತು, ಕೆಲವು ಗಾಡೀಲಿ ಕೀ ತೆಗೆದ್ಮೇಲೂ ಫ್ಯಾನ್ ತಾನಾಗೇ ಓಡುತ್ತೆ, ರೆಕ್ಕೆ ಹತ್ರ ಕೈ ಹಾಕೋ ಮುಂಚೆ ಸಾಕೆಟ್ ಬಿಚ್ಚಿ. ಎರಡು ಸ್ಪೀಡಿನ ಫ್ಯಾನ್ ಇದ್ದು, ಬರೀ ಜೋರು ಸ್ಪೀಡ್ ಮಾತ್ರ ಬರ್ತಿದ್ರೆ ಕಡಿಮೆ ಸ್ಪೀಡಿಗೆ ಕರೆಂಟ್ ತಗ್ಗಿಸೋ ರೆಸಿಸ್ಟರ್ ಮೊದ್ಲು ನೋಡ್ಸಿ.