ಕೆಂಪು ದೀಪ ಆರುವವರೆಗೆ

ಇಂದು ಪೀಣ್ಯದ ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕಡೆಯುವ ಯಂತ್ರ, ಇದ್ದಕ್ಕಿದ್ದಂತೆ ನಿಂತಿತು.

ಮೇನ್ ಸ್ವಿಚ್ ಆರಿಸಿ ಪ್ಯಾನೆಲ್ ಬಾಗಿಲು ತೆರೆದೆ. ಪವರ್ ಸಪ್ಲೈ ಮಾಡ್ಯೂಲಿನ ಪುಟ್ಟ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹೊಸದಾಗಿ ಸೇರಿದ ಹುಡುಗ ಸ್ಕ್ರೂಡ್ರೈವರ್ ಹಿಡಿದು ಮುಂದೆ ಬಂದ. ಮಣಿಕಟ್ಟು ಹಿಡಿದು ನಿಲ್ಲಿಸಿದೆ.

“ಕರೆಂಟ್ ಇಲ್ಲವಲ್ಲ ಸಾರ್?”

“ಇದೆ ಕಣಪ್ಪ, ದೀಪ ನೋಡು.”

415 ವೋಲ್ಟಿನ ಮೂರು ಫೇಸ್ ಒಳಗೆ ಹೋಗಿ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್) ಆಗುವಾಗ 580 ವೋಲ್ಟ್ ದಾಟುತ್ತದೆ. ಸ್ವಿಚ್ ಆರಿಸಿದ ಮೇಲೂ, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಬ್ಬರೂ ಕೈಕಟ್ಟಿ ನಿಂತೆವು. ನಿಮಿಷಗಳು ಕಳೆದವು. ದೀಪ ಮಂಕಾಯಿತು, ಆರಿತು. ಆಮೇಲೂ ಮೀಟರ್ ಇಟ್ಟು ನೋಡಿದೆವು; ದೀಪವೇ ಕೆಟ್ಟಿರಬಹುದಲ್ಲ!

ನನಗೆ ಕೆಲಸ ಕಲಿಸಿದ ಹಿರಿಯರು ನೆನಪಾದರು. ಅವರೂ ಒಮ್ಮೆ ಹೀಗೆಯೇ, ಒಂದು ಮಾತೂ ಆಡದೆ, ನನ್ನ ಮಣಿಕಟ್ಟು ಹಿಡಿದಿದ್ದರು.